ಸೈಕಲ್ಲಿಗೆ ಕಟ್ಟಿದ ಮುಡಿಪು

ಕಾರು ಕೊಂಡಾಗ ಯಾಕೆ ಕೊಂಡೆ ಎಂದು ಒಬ್ಬರೂ ಕೇಳಲಿಲ್ಲ. ಮಾರಿದಾಗ ಯಾಕೆ ಎಂದು ಕೇಳದೆ ಬಿಟ್ಟವರು ಒಬ್ಬರೇ. ಅವರ ವಿಷಯ ಆಮೇಲೆ ಬರುತ್ತದೆ.

ನಾಗಮಂಗಲದಲ್ಲಿ ಮರಗೆಲಸ ಮಾಡಿಕೊಂಡಿರುವವನು ನಾನು. ಓದಿದ್ದು ಏಳನೇ ಕ್ಲಾಸು. ಎಂಟಕ್ಕೆ ಹೋಗಬೇಕಾದ ವರ್ಷ ಅಪ್ಪ ಕೈಗೆ ಉಳಿ ಕೊಟ್ಟರು, ಇವತ್ತಿನವರೆಗೂ ಅದನ್ನು ಕೆಳಗಿಟ್ಟಿಲ್ಲ. ನಾನು ಮಾಡಿದ ಬಾಗಿಲು ಮಳೆಗಾಲದಲ್ಲಿ ಬಿಗಿಯುವುದಿಲ್ಲ, ಬೇಸಿಗೆಯಲ್ಲಿ ಸಡಿಲವಾಗುವುದಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬಾಗಿಲು ಚೆನ್ನಾಗಿದ್ದರೆ ಜನ ಅದರ ಮಾತೇ ಎತ್ತುವುದಿಲ್ಲ, ಕಿರುಗುಟ್ಟಿದರೆ ಮಾತ್ರ ಮಾಡಿದವನ ನೆನಪಾಗುತ್ತದೆ. ಅದಕ್ಕೇ ಹೇಳಿಕೊಂಡೆ.

ಕಾರನ್ನೂ ಈ ಎರಡು ಕೈಯಲ್ಲೇ ಸಂಪಾದಿಸಿದೆ. ಬಿಳಿ ಬಣ್ಣದ ಸಣ್ಣ ಕಾರು. ನಮ್ಮ ವಂಶದಲ್ಲಿ ಮೊದಲನೆಯದು. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದ ದಿನ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಸೀಟಿನ ಬೆಲ್ಟು ಹಾಕಿಕೊಳ್ಳುವುದು ಕಷ್ಟವಾಯಿತು. ಒಂದು ವಾರ ಕಳೆಯುವುದರೊಳಗೆ ಅದು ನಮ್ಮ ಮನೆಯ ಕಾರಲ್ಲ, ಬೀದಿಯ ಕಾರು ಎಂದು ಗೊತ್ತಾಯಿತು.

“ಎಂಗೂ ಕಾರ್ ಐತಲ್ಲ ಆಚಾರ್ರೇ.” ಈ ಮಾತು ಕಿವಿಗೆ ಬೀಳದ ದಿನವಿರಲಿಲ್ಲ. ಪಕ್ಕದ ಮನೆಯ ಅಜ್ಜಿಯ ಕಣ್ಣಿನ ಆಪರೇಷನ್ನಿಗೆ ಮಂಡ್ಯ. ಎದುರು ಮನೆಯವರು ಹೆಣ್ಣು ನೋಡುವುದಕ್ಕೆ ಕೆ.ಆರ್. ಪೇಟೆ. ಅಲ್ಲಿ ಹುಡುಗಿ ಒಪ್ಪಲಿಲ್ಲ, ಹಾಗಾಗಿ ಪಾಂಡವಪುರ. ಒಮ್ಮೆ ಶ್ರೀರಂಗಪಟ್ಟಣದ ಹೊಳೆಯಲ್ಲಿ ಯಾರದೋ ಅಸ್ಥಿ ಬಿಡಬೇಕಾಗಿತ್ತು, ಅದಕ್ಕೂ ನಾನೇ. ಸತ್ತವರು ಯಾರೆಂದು ನನಗೆ ತಿಳಿದದ್ದು ಆ ಮನೆಯವರ ಜೊತೆ ನಾನೂ ಮುಳುಗಿ ಎದ್ದ ಮೇಲೆ. ಇಲ್ಲ ಎನ್ನುವ ಹಾಗಿಲ್ಲ. ಇಲ್ಲ ಎಂದರೆ “ಕಾರ್ ಬಂದ್ಮೇಲೆ ಆಚಾರ್ರಿಗೆ ಕೊಬ್ಬು ಬಂತು” ಎನ್ನುತ್ತಾರೆ. ಹೂಂ ಎಂದರೆ ಹಿಂದಿನ ಸೀಟಿನಲ್ಲಿ ಕೂತು “ವಸಿ ಬಿರ್ರನೆ ಓಡ್ಸಿ” ಎನ್ನುತ್ತಾರೆ.

ಕೊನೆಗೆ ನನ್ನ ತಾಳ್ಮೆ ಮುರಿದದ್ದು ಸಿಂಧಘಟ್ಟದಲ್ಲಿ. ನನ್ನ ಹೆಂಡತಿಯ ತಂಗಿಯ ಸೀಮಂತ. ಬೆಳಿಗ್ಗೆ ಹೋಗಿ ಅಕ್ಷತೆ ಹಾಕಿ ಬಂದುಬಿಡೋಣ ಎಂದು ಹೆಂಡತಿ ಹೇಳಿದ್ದಳು. ಮಧ್ಯಾಹ್ನ ದೇವಲಾಪುರದ ಒಂದು ಮನೆಯಲ್ಲಿ ಚೌಕಟ್ಟಿಗೆ ಬಾಗಿಲ ರೆಕ್ಕೆ ಕೂರಿಸುವುದಿತ್ತು, ಹಾಗಾಗಿ ಒಪ್ಪಿದೆ. ಹೋದರೆ ಹೂವು ತರುವುದು ಮರೆತಿದ್ದಾರೆ, ಓಡು. ಬಳೆಗಾರನಿಗೆ ಬಸ್ಸು ತಪ್ಪಿದೆ, ಕರೆದುಕೊಂಡು ಬಾ. ಚಿಕ್ಕತ್ತೆಯವರಿಗೆ ತಲೆ ಸುತ್ತು, ಮನೆಗೆ ಬಿಟ್ಟು ಬಾ. ಬಿಟ್ಟು ಬಂದ ಮೇಲೆ ಅವರಿಗೆ ತಲೆ ಸುತ್ತು ನಿಂತಿದೆ, ಊಟಕ್ಕೆ ಕರೆದುಕೊಂಡು ಬಾ. ದೇವಲಾಪುರದವರು ಮೂರು ಸಲ ಫೋನು ಮಾಡಿದರು, ನಾಲ್ಕನೆಯ ಸಲ ಮಾಡಲಿಲ್ಲ. ಮಾರನೆಯ ದಿನ ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಬೇರೆ ಯಾವನನ್ನೋ ಕರೆಸಿ ರೆಕ್ಕೆ ಕೂರಿಸಿ ಆಗಿತ್ತು. ಕೂರಲಿಲ್ಲವೆಂದು ಅವನು ನನ್ನ ರೆಕ್ಕೆಯ ಅಡಿಯನ್ನು ಅರ್ಧ ಇಂಚು ಗರಗಸದಲ್ಲಿ ಕೊಯ್ದುಬಿಟ್ಟಿದ್ದ. ನಾನು ಎರಡು ತಿಂಗಳು ಮರ ಒಣಗಿಸಿ, ಕೂದಲೆಳೆ ಲೆಕ್ಕ ಹಾಕಿ ಮಾಡಿದ ಬಾಗಿಲು. ಅದರ ಕೆಳಗೆ ಇವತ್ತಿಗೂ ಇಲಿ ನುಗ್ಗುವಷ್ಟು ಸಂದಿ ಇದೆ. ಆ ಬೀದಿಗೆ ಹೋದರೆ ನಾನು ಆ ಕಡೆ ಮುಖ ತಿರುಗಿಸುವುದಿಲ್ಲ.

ಮುಂದಿನ ವಾರ ಕಾರು ಮಾರಿದೆ. ದುಃಖವಾಗಲಿಲ್ಲ ಎಂದರೆ ಸುಳ್ಳು. ಆದರೆ ನಾನು ಬಾಗಿಲು ಮಾಡುವವನು, ಡ್ರೈವರ್ ಅಲ್ಲ. ಮರ ಹೇಗಿದ್ದರೂ ಲಗೇಜ್ ಆಟೋದಲ್ಲಿ ಹೋಗುತ್ತದೆ. ಕೈಚೀಲದಷ್ಟು ಸಾಮಾನು ಹೊತ್ತು ಊರೂರು ತಿರುಗುವುದಕ್ಕೆ ಸೈಕಲ್ಲು ಸಾಕು. ಸೈಕಲ್ಲಿನ ಹಿಂದೆ ಒಬ್ಬನಿಗಿಂತ ಹೆಚ್ಚು ಮಂದಿ ಕೂರಲಾರರು, ಆ ಒಬ್ಬನೂ ನನ್ನ ವಯಸ್ಸು ನೋಡಿ ಕೂರಲಾರ.

ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಹಿರಿಯ ಸಾಬರು ಸೈಕಲ್ ಅಂಗಡಿ ಇಟ್ಟಿದ್ದಾರೆ. ಅವರ ಹತ್ತಿರ ಹೋಗಿ, ದಿನಾ ಓಡಿಸುವುದಕ್ಕೆ ಗಟ್ಟಿಯಾದ ಸೈಕಲ್ ಬೇಕು ಎಂದೆ. ಸಾಬರು ನನ್ನ ಕಾಲಿನ ಉದ್ದ ನೋಡಿದರು.

“ಸೀಟು ಎತ್ತರ ಮಾಡ್ಲಾ?”

“ಮಾಡಿ.”

“ಬಸ್, ಸಾಕು. ಹೊತ್ತಾರೆ ಬನ್ನಿ.”

ಅಷ್ಟೇ. ಕಾರು ಎಲ್ಲಿ, ಏನಾಯಿತು, ಯಾಕೆ, ಒಂದೂ ಇಲ್ಲ. ಆ ಮರ್ಯಾದೆಯ ಬೆಲೆ ನನಗೆ ಮಾರನೆಯ ಬೆಳಿಗ್ಗೆ ಟೀ ಅಂಗಡಿಯಲ್ಲಿ ಗೊತ್ತಾಯಿತು.

“ಏನ್ ಆಚಾರ್ರೇ, ಕಾರ್ನ ರಿಪೇರಿಗೆ ಬುಟ್ಟಿದ್ದೀರಾ?”

“ಮಾರ್ಬುಟ್ಟೆ.”

“ಅಯ್ಯೋ! ಏನಾಯ್ತು?”

“ಏನೂ ಆಗಿಲ್ಲ. ಬ್ಯಾಡ ಅನ್ನುಸ್ತು, ಮಾರ್ದೆ.”

“ನಮ್ತಾವ ಯೋಳ್ಕಳಕ್ಕೆ ಯಾಕ್ ನಾಚ್ಕೆ ಬುಡಿ. ಎಲ್ಲಾರ್ ಮನೇಲೂ ಇದ್ದಿದ್ದೇ.”

ಎಲ್ಲರ ಮನೆಯಲ್ಲೂ ಇರುವಂಥದ್ದು ಅದೇನೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಇನ್ನೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು “ಶುಗರ್ರಾ? ನಮ್ ಬಾಮೈದಂಗೂ ಡಾಕ್ಟ್ರು ಇಂಗೇ ತುಳಿ ಅಂದವ್ರೆ” ಎಂದರು. ಸಂಜೆ ಮನೆಗೆ ಒಂದು ಪೊಟ್ಟಣ ಮೆಂತ್ಯ ಕಳಿಸಿದರು. ಏಳನೇ ಕ್ಲಾಸಿನವರೆಗೆ ನನ್ನ ಪಕ್ಕ ಕೂತಿದ್ದ ಗೆಳೆಯನೊಬ್ಬ ನೇರವಾಗಿ ಕೇಳಿದ. “ನಿಜ ಯೋಳ್ಲಾ, ಇಸ್ಪೀಟಾ?”

“ಎಲೆ ಮುಟ್ಟಿದ್ದು ನೋಡಿದ್ದೀಯೇನ್ಲಾ ನಾನು?”

“ಅದ್ಕೇ ಕಣ್ಲಾ ಕೇಳಿದ್ದು. ಆಡಕ್ ಬರ್ದೋರೇ ಬೇಗ ಕಳ್ಕಳದು.”

ಹೀಗೆ ನಾನು ಸೋತವನಾದೆ, ರೋಗಿಯಾದೆ, ಜೂಜುಕೋರನಾದೆ. ಬೇಕೆಂದೇ ಬಿಟ್ಟವನು ಮಾತ್ರ ಆಗಲಿಲ್ಲ. ಬೈದರೆ ತಡೆದುಕೊಳ್ಳುತ್ತೇನೆ, ಅಯ್ಯೋ ಪಾಪ ಎಂದರೆ ತಡೆದುಕೊಳ್ಳಲಾರೆ. ಅದು ಬರೀ ಮಾತಾಗಿಯೂ ಉಳಿಯಲಿಲ್ಲ. ಕಿಟಕಿ ಮಾಡಿಸುತ್ತೇವೆಂದು ಅಳತೆ ಕೊಟ್ಟಿದ್ದ ಇಬ್ಬರು ತಿರುಗಿ ಬರಲಿಲ್ಲ. ಆಚಾರಿಯ ಕೈ ಕೆಳಗಾಗಿದೆ, ಮುಂಗಡ ಕೊಟ್ಟರೆ ಏನಾಗುತ್ತದೋ ಎಂದು ಯಾರೋ ಅಂದರಂತೆ.

ಹೀಗಿರುವಾಗ ಬಿಂಡಿಗನವಿಲೆಯ ಗೌಡರೊಬ್ಬರು ಮನೆಗೆ ಬಂದರು. ಹೊಸ ಮನೆ ಕಟ್ಟಿಸುತ್ತಿದ್ದರು. ತಮ್ಮ ಹೊಲದ ಬದುವಿನಲ್ಲಿದ್ದ ಹಲಸಿನ ಮರ ಕೊಯ್ಯಿಸಿ, ತಲೆಬಾಗಿಲು ನನ್ನ ಕೈಯಿಂದಲೇ ಆಗಬೇಕೆಂದು ಕಾರಿದ್ದ ಕಾಲದಲ್ಲೇ ಹೇಳಿ ಹೋಗಿದ್ದರು. ನಮ್ಮಲ್ಲಿ ತಲೆಬಾಗಿಲ ಚೌಕಟ್ಟು ನಿಲ್ಲಿಸುವುದು ದೊಡ್ಡ ಶಾಸ್ತ್ರ. ಹೊಸ್ತಿಲ ಕೆಳಗೆ ನವಧಾನ್ಯ ಹಾಕಿ, ನೆಂಟರಿಷ್ಟರನ್ನೆಲ್ಲ ಕರೆದು ಮಾಡುತ್ತಾರೆ. ಆ ಬಾಗಿಲು ಇಟ್ಟವನಿಗೇ ಆ ಮನೆಯ ಒಳಬಾಗಿಲು, ಕಿಟಕಿ, ದೇವರ ಮನೆ ಎಲ್ಲ ಸೇರುತ್ತದೆ. ಚೌಕಟ್ಟು ನಮ್ಮ ಕೊಟ್ಟಿಗೆಯಲ್ಲಿ ಸಿದ್ಧವಾಗಿ ನಿಂತಿತ್ತು. ಗೌಡರು ಅದನ್ನು ಸವರಿ ನೋಡಿದರು. ಪಕ್ಕದಲ್ಲಿದ್ದ ಸೈಕಲ್ಲನ್ನೂ ನೋಡಿದರು.

“ಬಾಗ್ಲು ಇಡೋ ದಿನ ನಾನೇ ಕಾರ್ ಕಳುಸ್ತೀನಿ ಬುಡಿ ಆಚಾರ್ರೇ.”

“ಬ್ಯಾಡಿ ಗೌಡ್ರೇ. ಒಂದೂವರೆ ಗಂಟೆ ದಾರಿ, ಸೈಕಲ್ಲಲ್ಲೇ ಬತ್ತೀನಿ.”

“ಅಂಗಲ್ಲ. ಬೀಗ್ರು ಬಂದಿರ್ತಾರೆ. ತಲೆಬಾಗ್ಲು ಇಡೋರು ಬೆವ್ರು ಸುರುಸ್ಕಂಡು ಸೈಕಲ್ಲಲ್ಲಿ ಬಂದ್ರೆ ಏನಂದಾರು? ಮನೆಗೆ ಮೊದಲ್ನೇ ದಿನವೇ ದರಿದ್ರ...”

ಆ ಪದ ಅವರ ಬಾಯಲ್ಲಿ ಅರ್ಧಕ್ಕೇ ನಿಂತಿತು. ಆಮೇಲೆ, ಕೆ.ಆರ್. ಪೇಟೆಯಲ್ಲಿ ಯಾರೋ ಒಬ್ಬರು ಇದ್ದಾರಂತೆ, ಅವರ ಕೈಯಲ್ಲೇ ಇಡಿಸಿದರೆ ಹೇಗೆ ಎಂದು ಯೋಚನೆ ಬಂದಿದೆ ಎಂದರು. ನಾನು ಮಾಡಿದ ಚೌಕಟ್ಟನ್ನು ಬೇರೊಬ್ಬ ನಿಲ್ಲಿಸುವುದು! ನನಗೆ ಅರ್ಧ ಇಂಚು ಕೊಯ್ದ ಗರಗಸದ ಸದ್ದೇ ಕೇಳಿಸಿದಂತಾಯಿತು. ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಕಾಫಿ ಲೋಟ ಹಿಡಿದು ಆಚೆಗೆ ಬಂದಳು.

“ಅರಕೆ ಕಣಣ್ಣ. ಒಂದೊರ್ಸ ಕಾರು ಮುಟ್ಟಲ್ಲ ಅಂತ ದೇವ್ರಿಗೆ ಮಾತ್ ಕೊಟ್ಟವ್ರೆ. ಬಾಯ್ಬುಟ್ಟು ಯೋಳ್ಕಳಲ್ಲ ಅಷ್ಟೇಯ.”

ಗೌಡರು ಲೋಟ ಹಿಡಿದ ಕೈಯಲ್ಲೇ ನನಗೆ ನಮಸ್ಕಾರ ಮಾಡಿದರು. “ಮೊದ್ಲೇ ಅನ್ನಬಾರ್ದಾ! ಅರಕೆ ಹೊತ್ತೋರ ಕೈಲಿ ಬಾಗ್ಲು ಅಂದ್ರೆ ನಮ್ ಪುಣ್ಯ. ಸೈಕಲ್ಲಲ್ಲೇ ಬನ್ನಿ. ಬೀಗ್ರೂ ನೋಡ್ಲಿ.”

ಅವರು ಬೀದಿಯ ತಿರುವು ದಾಟುವವರೆಗೆ ಕಾದೆ. ಆಮೇಲೆ ಕೇಳಿದೆ. “ಯಾವ ದೇವ್ರು? ಯಾವಾಗ್ ಹೊತ್ತೆ ನಾನು ಅರಕೆಯ?”

“ಬೇಕು ಅಂತ್ಲೇ ಬುಟ್ಟೆ ಅಂದ್ರೆ ಒಬ್ರಾರಾ ನಂಬುದ್ರಾ? ದೇವ್ರಿಗೆ ಅಂದ್ರೆ ನಂಬ್ತಾರೆ. ಕೆಲ್ಸ ಉಳೀತಾ ಇಲ್ವಾ?”

“ಸುಳ್ಳಿನ್ ಮೇಲೆ ಬಾಗ್ಲು ನಿಲ್ಸನಾ?”

“ನಿಮ್ ಬಾಗ್ಲು ಮರದ್ ಮೇಲೆ ನಿಂತ್ಕತದೆ, ತಗಳಿ ಕಾಫಿ.”

ಆ ಕಾಫಿ ಕುಡಿಯಲಿಲ್ಲ. ನಮ್ಮಪ್ಪನದೊಂದು ನೇಮವಿತ್ತು. ಚೌಕಟ್ಟು ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಬಿಡುವ ತೂಗುಗುಂಡು ಕೈಯಲ್ಲಿರುವಾಗ ಸುಳ್ಳಾಡಬಾರದು. ಆಡಿದರೆ ದಾರ ನೆಟ್ಟಗಿರುತ್ತದೆ, ಬಾಗಿಲು ಓರೆಯಾಗುತ್ತದೆ. ನಾನು ಅದನ್ನು ಇಷ್ಟು ವರ್ಷ ಮೀರಿಲ್ಲ. ಗೌಡರ ಮನೆಯಲ್ಲಿ ಚೌಕಟ್ಟು ನಿಲ್ಲಿಸುವ ಮೊದಲು ನಾಲ್ಕು ಜನರ ಎದುರು ಇದ್ದದ್ದನ್ನು ಹೇಳಿಬಿಡುವುದು, ಮಿಕ್ಕ ಕೆಲಸ ಹೋದರೆ ಹೋಗಲಿ ಎಂದು ಅಂದೇ ನಿಶ್ಚಯ ಮಾಡಿದೆ.

ಅಷ್ಟರಲ್ಲಿ ಹರಕೆಯ ಸುದ್ದಿ ಬಾಯಿಂದ ಬಾಯಿಗೆ ಬೆಳೆದು ನನಗಿಂತ ಮುಂಚೆ ಎಲ್ಲ ಊರನ್ನೂ ಮುಟ್ಟಿತ್ತು. ಬಾಗಿಲು ಇಡುವ ದಿನ ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅದರೊಳಗೆ ಚೌಕಟ್ಟು ನಿಂತಿರಬೇಕು. ಚೌಕಟ್ಟು ಹಿಂದಿನ ದಿನವೇ ಆಟೋದಲ್ಲಿ ಹೋಗಿತ್ತು. ಉಳಿ, ಬಾಚಿ, ಕೊಡತಿ, ತೂಗುಗುಂಡು ಚೀಲಕ್ಕೆ ಹಾಕಿಕೊಂಡು ಆರೂವರೆಗೆ ಹೊರಟೆ. ಎಂಟಕ್ಕೆ ತಲುಪಿ, ಬೆವರು ಒರೆಸಿಕೊಂಡು, ಬೀಗರ ಮುಂದೆ ಗಂಭೀರವಾಗಿ ಕೂರಬೇಕೆಂದು ಲೆಕ್ಕ ಹಾಕಿದ್ದೆ.

ಊರು ದಾಟುತ್ತಿದ್ದಂತೆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದಿದ್ದ ಹೆಂಗಸೊಬ್ಬಳು ಕೈ ಅಡ್ಡ ಹಿಡಿದಳು. ಸೆರಗಿನ ಗಂಟಿನಿಂದ ಹಳದಿ ಬಟ್ಟೆಯಲ್ಲಿ ಕಟ್ಟಿದ ಕಾಣಿಕೆಯ ಗಂಟು ತೆಗೆದಳು, ಮುಡಿಪು.

“ಅಣ್ಣ, ಮೇಲುಕೋಟೆಗೆ ಸೈಕಲ್ಲಲ್ಲೇ ಓಯ್ತೀರಂತಲ್ಲ. ಇದುನ್ನ ಸ್ವಾಮಿ ಪಾದುಕ್ಕೆ ಆಕ್ಬುಡಿ. ನನ್ ಮಗಳಿಗೆ ಮೂರೊರ್ಸದಿಂದ ಮಕ್ಳಾಗಿಲ್ಲ.”

“ನಾನು ಮೇಲುಕೋಟೆಗೆ ಓಯ್ತಾ ಇಲ್ಲ ಕಣವ್ವ. ಬಿಂಡಿಗನವಿಲೆಗೆ.”

“ಈವೊತ್ತೇ ಅಲ್ಲ ಬುಡಿ. ಯಾವಾಗ್ ಓಯ್ತೀರೋ ಆವಾಗ.”

ಮಗಳ ವಿಷಯ ಹೇಳಿದ ಮೇಲೆ ಆ ಗಂಟನ್ನು ಅವಳ ಕೈಗೆ ವಾಪಸು ಹಾಕುವುದು ಹೇಗೆ? ಚೀಲಕ್ಕೆ ಹಾಕಿಕೊಂಡೆ. ಅದೇ ನಾನು ಮಾಡಿದ ತಪ್ಪು. ಇನ್ನೊಂದು ಮೈಲಿ ಹೋಗುವಷ್ಟರಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಮುದುಕ ಒಂದು ತೆಂಗಿನಕಾಯಿ ತಂದ. ಹೊಸ ಟ್ರಾಕ್ಟರಿನವನೊಬ್ಬ ಎಂಜಿನ್ ಆರಿಸದೆ ಕರ್ಪೂರ, ಊದುಬತ್ತಿ ಎಸೆದು ಹೋದ. ಪ್ರತಿಯೊಬ್ಬರಿಗೂ ನಿಂತು, ಇಳಿದು, ಹರಕೆಯಿಲ್ಲ ಎಂದು ಹೇಳಬೇಕು, ಅವರು ನಕ್ಕು ತಲೆಯಾಡಿಸುವುದನ್ನು ನೋಡಬೇಕು, ಮತ್ತೆ ಹತ್ತಬೇಕು. ಕಾರಿನಲ್ಲಾದರೆ ಗಾಜು ಏರಿಸಿಕೊಳ್ಳಬಹುದಿತ್ತು.

ಗೌಡರ ಮನೆ ಮುಟ್ಟಿದಾಗ ಒಂಬತ್ತೂವರೆ. ಬೆವರು ಹಿಮ್ಮಡಿಯವರೆಗೆ ಇಳಿದಿತ್ತು. ಪುರೋಹಿತರು ಗಡಿಯಾರ ನೋಡುತ್ತಿದ್ದರು. ಹೊಸ್ತಿಲ ಕುಣಿಗೆ ನವಧಾನ್ಯ ಬಿತ್ತು, ಅರಿಶಿನ ಕುಂಕುಮವಾಯಿತು, ನಾಲ್ಕು ಜನ ಚೌಕಟ್ಟನ್ನು ಎತ್ತಿ ಹಿಡಿದರು. ನಾನು ತೂಗುಗುಂಡು ಕೈಗೆ ತೆಗೆದುಕೊಂಡೆ. ಈಗಲೇ.

“ಗೌಡ್ರೇ, ಒಂದ್ ಮಾತು. ಎಲ್ಲಾರೂ ಕೇಳುಸ್ಕಳಿ. ನಂದು ಯಾವ ಅರಕೆಯೂ ಇಲ್ಲ. ನಮ್ಮನೇವ್ರು ಅಂದಿದ್ದು ಸುಳ್ಳು. ಕಾರು ಇಟ್ಕಂಡು ಊರೋರ್ ಚಾಕ್ರಿ ಮಾಡಕ್ಕಾಗ್ನಿಲ್ಲ, ಅದುಕ್ಕೆ ಮಾರ್ದೆ. ನಮ್ಮನೇಲಿ ಗುಂಡು ಕೈಲಿರುವಾಗ ಸುಳ್ಳು ಯೋಳಲ್ಲ. ಈಗ ಬ್ಯಾಡ ಅಂದ್ರೆ ಬೇರೇವ್ರ ಕೈಲಿ ನಿಲ್ಲುಸ್ಕಳಿ.”

ಚೌಕಟ್ಟು ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿದರು. ಗೌಡರ ಮುಖ ಸಣ್ಣಗಾಯಿತು. ಮನಸ್ಸಿನಲ್ಲಿ ನಾನು ಚೀಲ ಕಟ್ಟಿಕೊಂಡು ಅರ್ಧ ದಾರಿ ವಾಪಸು ಬಂದಿದ್ದೆ. ಆಗ ಗೌಡರ ತಾಯಿ, ಗೋಡೆಗೆ ಒರಗಿ ಕೂತಿದ್ದ ಮುದುಕಿ, ಎಲೆಯಡಿಕೆ ಪಕ್ಕಕ್ಕೆ ಉಗಿದು ಹೇಳಿದರು.

“ನೋಡ್ರಲಾ. ನಿಜ್ವಾದ್ ಅರಕೆ ಅಂದ್ರೆ ಇದು. ಯೋಳ್ಕಂಡ್ರೆ ಫಲ ಒಂಟೋಯ್ತದೆ ಅಂತ ಹೆಂಡ್ರನ್ನೇ ಸುಳ್ಳಿ ಮಾಡ್ತಾವ್ನೆ. ನಮ್ ಕಾಲ್ದಲ್ಲಿ ಇಂಗೇ ಇದ್ರು ಜನ.”

“ಅಜ್ಜಿ, ಗುಂಡಿನ ಮೇಲಾಣೆ...”

“ಆಣೆ ಬ್ಯಾರೆ ಆಕ್ಬುಟ್ಟ! ಸಾಕು ಬುಡಪ್ಪ, ಗೊತ್ತಾಯ್ತು.”

ಸುತ್ತ ನಿಂತವರೆಲ್ಲ ಕೈಮುಗಿದರು. ಬೀಗರಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ನನಗೆ ಆ ಕೊಡತಿಯನ್ನು ನನ್ನ ಹಣೆಗೇ ಹೊಡೆದುಕೊಳ್ಳಬೇಕೆನಿಸಿತು. ಆದರೆ ರಾಹುಕಾಲ ಹತ್ತಿರ ಬಂದಿತ್ತು. ಗುಂಡು ಬಿಟ್ಟು ನೋಡಿದೆ. ಎಡಗಡೆ ಒಂದು ಚೂರು ಬೆಣೆ ಕೊಟ್ಟೆ. ಚೌಕಟ್ಟು ನಿಂತಿತು. ದಾರ ಹೇಗಿತ್ತೋ ಬಾಗಿಲೂ ಹಾಗೇ ನೆಟ್ಟಗಿತ್ತು, ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಅಪ್ಪನ ಮಾತು ನಿಜ. ಸತ್ಯ ನನ್ನ ಬಾಯಿಂದ ಬಂದಿದ್ದರೆ ಸಾಕು, ಅದನ್ನು ಯಾರಾದರೂ ನಂಬಲೇಬೇಕೆಂದು ಅವರೇನೂ ಹೇಳಿರಲಿಲ್ಲ.

ಒಳಬಾಗಿಲು, ಕಿಟಕಿ, ದೇವರ ಮನೆ ಎಲ್ಲ ನನಗೇ ಒಪ್ಪಿಸಿದರು. ಪಂಚೆ, ಅಕ್ಕಿ, ಬೆಲ್ಲ, ತಾಂಬೂಲ ಕೊಟ್ಟರು. ಸೈಕಲ್ಲಿನ ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ ಹಾಕಿದರು. ಅಜ್ಜಿಯೂ ತಮ್ಮದೊಂದು ಮುಡಿಪು ಕೊಟ್ಟರು. ಹಾರ ಹಾಕಿದ ಸೈಕಲ್ಲಿನಲ್ಲಿ ನಾಗಮಂಗಲಕ್ಕೆ ಬರುವಷ್ಟರಲ್ಲಿ ನನ್ನ ಚೀಲದಲ್ಲಿ ಒಟ್ಟು ಐದು ಹಳದಿ ಗಂಟು, ಮೂರು ಕಾಯಿ.

ಎರಡು ದಿನ ಅವನ್ನು ಮೂಲೆಯಲ್ಲಿಟ್ಟು ನೋಡಿದೆ. ಬಸ್ಸಿನಲ್ಲಿ ಹೋಗಿ ಹಾಕಿ ಬರಬಹುದಿತ್ತು. ಆದರೆ ಕೊಟ್ಟವರು ಸೈಕಲ್ಲಿಗೆ ಕೊಟ್ಟಿದ್ದರು, ಬಸ್ಸಿಗಲ್ಲ. ಒಪ್ಪಿಕೊಂಡ ಕೆಲಸವನ್ನು ಒಪ್ಪಿಕೊಂಡ ಹಾಗೇ ಮಾಡಿ ನನಗೆ ಅಭ್ಯಾಸ. ಭಾನುವಾರ ಬೆಳಿಗ್ಗೆ ಕ್ಯಾರಿಯರ್‌ಗೆ ಚೀಲ ಕಟ್ಟುತ್ತಿದ್ದೆ. ನನ್ನ ಹೆಂಡತಿ ಅರಿಶಿನ ಹಚ್ಚಿದ ಕಾಯಿಯೊಂದನ್ನು ಹಿಡಿದು ಬಂದಳು.

“ನೋಡೇ, ಇದುನ್ನೆಲ್ಲ ತಂದಿಟ್ಟವಳು ನೀನು.”

“ಅದಿರ್ಲಿ. ಎಂಗೂ ಸೈಕಲ್ ಐತಲ್ಲ, ನಂದೂ ಒಂದು ಹಾಕ್ಕಳಿ.”

ಸಾಬರ ಅಂಗಡಿಯ ಮುಂದೆ ಹಾದಾಗ ಅವರು ಕೈ ತೋರಿಸಿ ನಿಲ್ಲಿಸಿದರು. ಚೀಲದ ಹಗ್ಗ ಬಿಚ್ಚಿ, ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿದರು. “ಬೆಟ್ಟಕ್ಕಾ? ಇರಿ, ಬ್ರೇಕ್ ನೋಡ್ತೀನಿ. ಇಳಿಯೋವಾಗ ಬೇಕು” ಎಂದರು. ಅದಕ್ಕಿಂತ ಹೆಚ್ಚಿಗೆ ಕೇಳಲಿಲ್ಲ.

ಮೇಲುಕೋಟೆಯ ಏರು ಶುರುವಾದ ಮೇಲೆ ತುಳಿಯುವುದು ನನ್ನಿಂದಾಗಲಿಲ್ಲ. ಇಳಿದು ತಳ್ಳಿದೆ. ಕಾಯಿಗಳು ಒಂದಕ್ಕೊಂದು ಬಡಿದು ಟಕ್ ಟಕ್ ಎನ್ನುತ್ತಿದ್ದವು. ಅರ್ಧ ಏರಿನಲ್ಲಿ ಒಂದು ಸಣ್ಣ ಕಾರು ಪಕ್ಕಕ್ಕೆ ಬಂದು ನಿಂತಿತು. ಒಳಗೆ ಏಳೆಂಟು ಜನ, ತೊಡೆಯ ಮೇಲೆ ತೊಡೆ. ಹಿಂದಿನಿಂದ ಒಬ್ಬಾಕೆ ತಲೆ ಹೊರಗೆ ಹಾಕಿದಳು.

“ಅರಕೆಯಾ ಅಣ್ಣ?”

“ಅರಕೆ ಊರೋರ್ದು ಕಣವ್ವ. ನಂದು ಸೈಕಲ್ ಮಾತ್ರ.”

ಕಾರು ಓಡಿಸುತ್ತಿದ್ದವನು ನನಗಿಂತ ಚಿಕ್ಕವನು. ಅಂಗಿ ಬೆನ್ನಿಗೆ ಅಂಟಿತ್ತು. ಹಿಂದಿನಿಂದ “ಬಿರ್ರನೆ ನಡಿ, ಬಾಗ್ಲಾಕ್ಬುಟ್ಟಾರು” ಎಂದು ಯಾರೋ ಅಂದರು. ಅವನು ಹೊರಡಲಿಲ್ಲ.

“ನಿಂದೇ ಏನಪ್ಪ ಕಾರು?” ಎಂದೆ.

“ಊಂ ಕಣಣ್ಣ. ಇವ್ರು ನಮ್ ಭಾವನ್ ಕಡೆಯೋರು. ಇವ್ರುನ್ನ ಬುಟ್ಟು ಮತ್ತೆ ಪಾಂಡವಪುರುಕ್ಕೆ ಓಗ್ಬೇಕು, ಇನ್ನೂ ನಾಲ್ಕ್ ಜನ ಕಾಯ್ತಾವ್ರೆ.”

ಅವನು ನನ್ನ ಸೈಕಲ್ಲಿನ ಮುಂದಿನ ಚಕ್ರದಿಂದ ಹಿಡಿದು ಕ್ಯಾರಿಯರ್‌ವರೆಗೆ ನೋಡಿದ. ಯಾಕೆ, ಏನಾಯಿತು ಎಂದು ಕೇಳುತ್ತಾನೆಂದು ಕಾದೆ.

“ಎಲ್ಲಿ ತಗಂಡ್ರಿ ಅಣ್ಣ ಇದುನ್ನ?” ಎಂದ.

ಸಾಬರ ಅಂಗಡಿಯ ದಾರಿ ಹೇಳಿದೆ.